ವಿಎಂನಲ್ಲಿ ಸ್ಕ್ರಾಲ್ ಎಗರಾಡುತ್ತಿದೆಯಾ? ಸೆಟ್ಟಿಂಗ್ ಬದಲಿಸೋದಾ, ಮೌಸನ್ನೇ ಒಳಗೆ ಕೊಡೋದಾ?

ವರ್ಚುವಲ್‌ಬಾಕ್ಸ್ ಒಳಗೆ ಉಬುಂಟು ಲಿನಕ್ಸ್ ಓಡುತ್ತಿದೆ. ಅಂದರೆ ಕಂಪ್ಯೂಟರಿನೊಳಗೇ ಒಂದು ನಕಲಿ ಕಂಪ್ಯೂಟರ್, ಅದೇ ವಿಎಂ (ವರ್ಚುವಲ್ ಮೆಷೀನ್). ಒಳಗೆ ಓಡುವುದು ಗೆಸ್ಟ್, ಹೊರಗಿನ ನಿಜವಾದ ಕಂಪ್ಯೂಟರ್ ಹೋಸ್ಟ್. ವೀಲ್ ಒಂಚೂರು ತಿರುಗಿಸಿದರೆ ಪುಟ ಎಲ್ಲೋ ಹಾರುತ್ತದೆ, ಇಲ್ಲಾಂದ್ರೆ ಅಲ್ಲಾಡುವುದೇ ಇಲ್ಲ. ಎರಡು ದಾರಿ ಇವೆ.

ಮೊದಲನೆಯದು, ವಿಎಂ ತೋರಿಸುವ ನಕಲಿ ಮೌಸಿನ ಬಗೆ ಬದಲಿಸುವುದು. ವಿಎಂ ಪೂರ್ತಿ ಆಫ್ ಮಾಡಿ. ಸುಮ್ನೆ ಸೇವ್ ಮಾಡಿಟ್ಟರೆ ಆ ಆಯ್ಕೆ ಮಬ್ಬಾಗಿಯೇ ಇರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ಪಾಯಿಂಟಿಂಗ್ ಡಿವೈಸ್ ನೋಡಿ. ಯುಎಸ್‌ಬಿ ಟ್ಯಾಬ್ಲೆಟ್ ಇದ್ದರೆ ಪಿಎಸ್/2 ಮೌಸ್ ಮಾಡಿ, ಪಿಎಸ್/2 ಇದ್ದರೆ ಯುಎಸ್‌ಬಿ ಟ್ಯಾಬ್ಲೆಟ್ ಮಾಡಿ. ಎರಡು ನಿಮಿಷದ ಕೆಲಸ. ಆದರೆ ಗೆಸ್ಟ್ ಅಡಿಶನ್ಸ್ (ಗೆಸ್ಟ್ ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನದೇ ಸಹಾಯಕ ತಂತ್ರಾಂಶ) ಹಾಕದೆ ಪಿಎಸ್/2 ಇಟ್ಟರೆ ಕರ್ಸರ್ ಒಳಗೇ ಸಿಕ್ಕಿಕೊಳ್ಳುತ್ತದೆ. ವಿಂಡೋಸ್, ಲಿನಕ್ಸ್ ಹೋಸ್ಟ್‌ಗಳಲ್ಲಿ ಹೊರಬರಲು ಬಲಗಡೆಯ ಕಂಟ್ರೋಲ್ ಕೀ ಒತ್ತಬೇಕು. ಕಿರಿಕಿರಿ ಅಲ್ವಾ?

ಎರಡನೆಯದು, ಡಿವೈಸಸ್ ಮೆನುವಿನ ಯುಎಸ್‌ಬಿ ಪಟ್ಟಿಯಲ್ಲಿ ನಿಜವಾದ ಮೌಸಿಗೇ ಟಿಕ್ ಹಾಕುವುದು. ಗೆಸ್ಟ್‌ನ ಡ್ರೈವರ್‌ಗೆ ವೀಲ್ ನೇರವಾಗಿ ಸಿಗುತ್ತದೆ. ಆದರೆ ಹೋಸ್ಟ್‌ಗೆ ಆ ಮೌಸ್ ಇಲ್ಲವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಟಚ್‌ಪ್ಯಾಡ್ ಇದೆ, ಡೆಸ್ಕ್‌ಟಾಪ್‌ಗೆ ಇನ್ನೊಂದು ಮೌಸ್ ಬೇಕು. ಕೀಬೋರ್ಡಿಗೂ ಮೌಸಿಗೂ ಒಂದೇ ಡಾಂಗಲ್ ಇದ್ದರಂತೂ ಕೀಬೋರ್ಡೂ ಜೊತೆಗೇ ಒಳಗೆ ಹೋಗಿಬಿಡುತ್ತದೆ, ಹುಷಾರು.

ಒಳಗೂ ಹೊರಗೂ ಓಡಾಡುತ್ತಾ ಕೆಲಸ ಮಾಡುವವರಿಗೆ ಮೊದಲನೆಯದೇ ಸರಿ. ಫುಲ್‌ಸ್ಕ್ರೀನ್‌ನಲ್ಲಿ ಗೆಸ್ಟ್ ಒಂದನ್ನೇ ಜಾಸ್ತಿ ಹೊತ್ತು ಬಳಸುವವರು, ಹಳೇ ಮೌಸ್ ಒಂದು ಮನೆಯಲ್ಲಿದ್ದರೆ, ಎರಡನೆಯದಕ್ಕೆ ಹೋಗಿ.