ಸ್ಲೀವ್ ಮಾಡಿಸಬೇಕೆ, ಬೈಪಾಸ್ ಮಾಡಿಸಬೇಕೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದವರು ಮೊದಲು ತಮಗೆ ಎದೆಯುರಿ, ಸಕ್ಕರೆ ಕಾಯಿಲೆ ಇವೆಯೇ ಎಂದು ನೋಡಿಕೊಳ್ಳಬೇಕು. ಸ್ಲೀವ್, ಬೈಪಾಸ್ (ಹೃದಯದ್ದಲ್ಲ, ಜಠರದ್ದು) ಎಂಬ ಎರಡು ಬಗೆಯ ಶಸ್ತ್ರಚಿಕಿತ್ಸೆಗಳ ನಡುವಿನ ಆಯ್ಕೆ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ನಮ್ಮ ಮನೆತನದಲ್ಲಿ ಎರಡೂ ಆಗಿವೆ: ಹಾಸನದ ಅಕ್ಕನಿಗೆ ಸ್ಲೀವ್, ಸಕಲೇಶಪುರದ ಚಿಕ್ಕಪ್ಪನಿಗೆ ಬೈಪಾಸ್.

ಸ್ಲೀವ್‌ನಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆದದ್ದು ಮರಳಿ ಬಾರದು. ಕರುಳನ್ನು ಮುಟ್ಟುವುದಿಲ್ಲವಾದ್ದರಿಂದ ಬೈಪಾಸ್‌ಗಿಂತ ಸರಳ. ಆದರೆ ಎದೆಯುರಿ ಹೆಚ್ಚಬಹುದು. ಅಕ್ಕ ಈಗಲೂ ದಿಂಬು ಎತ್ತರಿಸಿಕೊಂಡೇ ಮಲಗುತ್ತಾಳೆ.

ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎದೆಯುರಿಯೋ ಟೈಪ್ 2 ಮಧುಮೇಹವೋ ಇದ್ದವರು ವೈದ್ಯರೊಂದಿಗೆ ಮೊದಲು ಇದರ ಬಗ್ಗೆಯೇ ಮಾತನಾಡಲಿ ಎಂಬುದು ನನ್ನ ಅಭಿಪ್ರಾಯ. ಬೈಪಾಸ್ ಆದ ಮೇಲೆ ಸಿಹಿ ತಿಂದರೆ ಬೆವರು, ತಲೆಸುತ್ತು, ಭೇದಿ ಕಾಡಬಹುದು. ಯುಗಾದಿಯ ದಿನ ಒಂದು ಹೋಳಿಗೆ ತಿಂದ ಚಿಕ್ಕಪ್ಪ ಎಲೆಯ ಮುಂದಿನಿಂದ ಎದ್ದು ಮಲಗಿಬಿಟ್ಟರು. ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳಿಂದಲೂ ದೂರವಿರಬೇಕು, ಹುಣ್ಣಾಗುವ ಅಪಾಯವಿದೆ.

ಚೇತರಿಕೆಯ ಕಷ್ಟ ಇಬ್ಬರಿಗೂ ಒಂದೇ. ಮೊದಲು ಬೇಳೆಕಟ್ಟು, ನೀರು ಮಜ್ಜಿಗೆ. ಆಮೇಲೆ ಮೆತ್ತನೆಯ ಅನ್ನ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಸೀಮೆಯವರಿಗೆ ತುತ್ತು ತುತ್ತನ್ನೂ ನುಣ್ಣಗೆ ಅಗಿಯುವುದು ನಿಜವಾದ ತಪಸ್ಸು. ಊಟದ ಜತೆ ನೀರು ಕುಡಿಯುವಂತಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಎರಡರಲ್ಲೂ ಬೇಕು. ಬೈಪಾಸ್‌ನಲ್ಲಿ ಅವನ್ನು ತಪ್ಪಿಸಿದರೆ ಕೊರತೆ ಬೇಗ ಕಾಣಿಸುತ್ತದೆ. ಬೆಂಗಳೂರಿನಲ್ಲಿ ಮಾಡಿಸುವುದಾದರೆ, ಮುಂದಿನ ರಕ್ತಪರೀಕ್ಷೆಗಳನ್ನು ಹಾಸನದಲ್ಲೇ ಮಾಡಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ.