ಯೋಕಾಯ್‌ಗಳ ಮರುಹುಟ್ಟು: ಮೊನೊನೊಕೆ, ಕಿತಾರೋ, ದೊರೊರೊ – ಯಾವುದರಿಂದ ಶುರು ಮಾಡೋದು?

ರಾತ್ರಿ ನಡೆದು ಹೋಗುವಾಗ ಕಣ್ಣಿಗೆ ಕಾಣದ ಗೋಡೆಯೊಂದು ದಾರಿಗೆ ಅಡ್ಡ ನಿಂತರೆ ಕೋಲು ತಗೊಂಡು ಅದರ ಬುಡ ಗುಡಿಸಬೇಕು. ಮೇಲೆ ಎಷ್ಟು ಬಡಿದರೂ ಪ್ರಯೋಜನವಿಲ್ಲ. ಜಪಾನಿನ ಫುಕುಒಕಾ ಕಡೆಯ ಕರಾವಳಿಯವರು ನುರಿಕಾಬೆ ಎಂಬ ಯೋಕಾಯ್‌ಗೆ, ಅಂದರೆ ಜನಪದ ಕಥೆಗಳ ವಿಚಿತ್ರ ಜೀವಿಗೆ, ಹೇಳಿಕೊಂಡು ಬಂದ ಮದ್ದು ಇದು. ನೋಡಿದಷ್ಟೂ ಎತ್ತರ ಬೆಳೆಯುವ ನ್ಯೂದೋಗೆ ಬೇರೆ ಮದ್ದು: ತಲೆಯಿಂದ ಕಾಲಿನವರೆಗೆ ಕಣ್ಣಿಳಿಸಿ ‘ನಿನ್ನ ಮೀರಿ ನೋಡಿಬಿಟ್ಟೆ’ ಅನ್ನಬೇಕು. 1979ರಲ್ಲಿ ಜಪಾನಿನ ಶಾಲಾ ಮಕ್ಕಳನ್ನು ನಡುಗಿಸಿದ ಬಾಯಿಹರಿದ ಹೆಂಗಸಿಗೆ ‘ಪೊಮೇಡ್’ (ಕೂದಲಿಗೆ ಹಚ್ಚುವ ಕ್ರೀಮು) ಎಂದು ಮೂರು ಸಲ ಹೇಳಿದರೆ ಸಾಕಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದ ಊರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಯೋಕಾಯ್ ಆನಿಮೆಗಳು (ಜಪಾನಿನ ಆನಿಮೇಷನ್ ಸರಣಿ, ಸಿನಿಮಾಗಳು) ಒಂದೊಂದಾಗಿ ಹೊಸ ವೇಷದಲ್ಲಿ ಬರುತ್ತಿವೆ. ಯಾವುದು ಚೆನ್ನ ಎಂಬ ಚರ್ಚೆ ಬಹಳ ಸಲ ಚಿತ್ರದ ಗುಣಮಟ್ಟ, ಫೈಟಿಂಗ್ ಇಷ್ಟಕ್ಕೇ ನಿಂತುಬಿಡುತ್ತದೆ. ನನ್ನ ಅಳತೆಗೋಲು ಆ ಮದ್ದು. ಯೋಕಾಯ್ ಸೋಲುವುದು ಅದರ ಗುಟ್ಟು ಗೊತ್ತಾದ್ದರಿಂದಲೋ, ನಾಯಕನ ತೋಳ್ಬಲದಿಂದಲೋ? ಗುಟ್ಟಿನಿಂದ ಎನ್ನುವುದಾದರೆ ಅದು ಜನಪದದ ಕಥೆ. ಇಲ್ಲದಿದ್ದರೆ ಎದುರಾಳಿಗೆ ಮೂರು ಕಣ್ಣಿರುವ ಕುಸ್ತಿ, ಅಷ್ಟೆ.

ಒಂದು ಮಾತು ಮೊದಲೇ. ಯೋಕಾಯ್ ಎಂದರೆ ದೆವ್ವ ಅಲ್ಲ. ದೆವ್ವ ಎಂದಾಗ ನಮಗೆ ಸತ್ತವರ ನೆನಪಾಗುತ್ತದೆ, ಜಪಾನಿನಲ್ಲಿ ಅದಕ್ಕೆ ಯೂರೇ ಎಂಬ ಬೇರೆಯೇ ಪದವಿದೆ. ಹಳೆ ಕೊಡೆ, ಗೋಡೆ, ಗಾಳಿಯಲ್ಲಿ ಹಾರುವ ಬಟ್ಟೆಯ ತುಂಡು, ಎಲ್ಲವೂ ಯೋಕಾಯ್ ಆಗಬಹುದು. ಪೂಜೆ ನಿಂತುಹೋದ ದೇವರುಗಳೇ ಯೋಕಾಯ್ ಆದವು ಎಂದು ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೋ ವಾದಿಸಿದ್ದ. ಎಲ್ಲರೂ ಅದನ್ನು ಒಪ್ಪಿಲ್ಲ. ಆದರೆ ಭೂತಕ್ಕೆ ಇವತ್ತಿಗೂ ಕೋಲ ಕಟ್ಟುವ ತುಳುನಾಡಿನವರಿಗೆ ಆ ವಾದ ಯಾಕೆ ಹುಟ್ಟಿತೆಂದು ಬೇಗ ಹೊಳೆಯುತ್ತದೆ.

ಮೊನೊನೊಕೆ: 2007 ಮತ್ತು 2024

ಇದೇ ಹೆಸರು ತಲೆಯಲ್ಲಿರುವ, 1997ರಲ್ಲಿ ಬಂದ ಕಾಡಿನ ರಾಜಕುಮಾರಿಯ ಸಿನಿಮಾ ಬೇರೆ. ಹುಡುಕುವಾಗ ಅದೇ ಮೊದಲು ಬರುತ್ತದೆ, ಮೋಸ ಹೋಗಬೇಡಿ. ನಮಗೆ ಬೇಕಾದ್ದು ಔಷಧ ಮಾರುವವನ ಕಥೆ. ಇದರ ಬೇರು 2006ರ ‘ಅಯಾಕಾಶಿ’ ಎಂಬ ಸರಣಿಯಲ್ಲಿದೆ. ಆ 11 ಕಂತುಗಳಲ್ಲಿ ಕೊನೆಯ ಮೂರು, ಅಂದರೆ 9ರಿಂದ 11, ‘ಬಕೆನೆಕೊ’ ಎಂಬ ಬೆಕ್ಕಿನ ಕಥೆ. ಅದು ಗೆದ್ದದ್ದರಿಂದ ಮರುವರ್ಷ 12 ಕಂತಿನ ಸರಣಿ ಬಂತು. ನಿರ್ದೇಶಕ ನಾಕಾಮುರಾ ಕೆಂಜಿ. ಐದು ಕಥೆಗಳಿವೆ: 1–2 ಝಾಶಿಕಿ ವಾರಾಶಿ, 3–5 ಉಮಿಬೋಝು, 6–7 ನೊಪ್ಪೆರಾಬೋ, 8–9 ನುಎ, 10–12 ಮತ್ತೊಂದು ಬಕೆನೆಕೊ. ಹದಿನೇಳು ವರ್ಷ ಕಳೆದು, 2024ರ ಜುಲೈನಲ್ಲಿ ‘ಕರಕಾಸಾ’ ಸಿನಿಮಾ ಬಂತು. ಅದು ಮೂರು ಭಾಗಗಳ ಸಾಲಿನಲ್ಲಿ ಮೊದಲನೆಯದು, 89 ನಿಮಿಷ. ಎರಡನೆಯದು ‘ಹಿನೆಝುಮಿ’, 2025ರ ಮಾರ್ಚ್‌ನದು, 74 ನಿಮಿಷ.

ಔಷಧ ಮಾರುವವನ ಕೈಲಿ ಒಂದು ಖಡ್ಗವಿದೆ, ಆದರೆ ಬೇಕೆಂದಾಗ ಒರೆಯಿಂದ ಬರುವುದಿಲ್ಲ. ಮೂರು ಸಂಗತಿ ತಿಳಿಯಬೇಕು: ಕತಾಚಿ, ಮಕೊತೊ, ಕೊತೊವಾರಿ. ಎದುರಿಗಿರುವುದರ ರೂಪ ಯಾವುದು, ನಿಜವಾಗಿ ನಡೆದದ್ದೇನು, ಅದರ ಒಡಲಲ್ಲಿ ಕುದಿಯುತ್ತಿರುವ ಕಾರಣ ಏನು. ಒಂದೊಂದು ತಿಳಿದಾಗಲೂ ಹಿಡಿಯ ಮೇಲಿನ ಮುಖ ಹಲ್ಲು ಕಡಿಯುತ್ತದೆ, ‘ಟಕ್’ ಎಂದು. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಬಂದವರನ್ನು ಕೂರಿಸಿಕೊಂಡು ‘ಯಾರು ನೀನು? ಯಾಕೆ ಬಂದೆ? ಏನು ಬೇಕು?’ ಎಂದು ಮಂತ್ರವಾದಿ ಕೇಳುವುದೂ ಹೆಚ್ಚುಕಡಿಮೆ ಇದೇ ಕ್ರಮ. ಬೇವಿನ ಸೊಪ್ಪಿನ ಏಟು ಆಮೇಲಿನ ಮಾತು. ಕೊತೊವಾರಿ ಎಂಬುದನ್ನು ಕೆಲವು ಇಂಗ್ಲಿಷ್ ಸಬ್‌ಟೈಟಲ್‌ಗಳು ‘ಪಶ್ಚಾತ್ತಾಪ’ ಎಂಬರ್ಥದ ಪದದಿಂದ ತುಂಬಿವೆ. ಹಾಗೆ ಓದಿಕೊಂಡರೆ ಅರ್ಧ ಕಥೆ ಕೆಡುತ್ತದೆ, ಏಕೆಂದರೆ ಬಹಳ ಕಡೆ ಪಶ್ಚಾತ್ತಾಪಪಡಬೇಕಾದವರು ಪಡುವುದೇ ಇಲ್ಲ.

ಈಗ ಹೋಲಿಕೆ. 2007ರದ್ದು ನಿಧಾನ. ಒಂದು ಹಡಗು, ಒಂದು ವಸತಿಗೃಹ, ಒಂದು ಮನೆ, ಇಷ್ಟರೊಳಗೆ ಐದಾರು ಜನ ಸಿಕ್ಕಿಹಾಕಿಕೊಂಡು ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ. ಜಾರುಬಾಗಿಲು ತೆರೆದಂತೆ, ಮುಚ್ಚಿದಂತೆ ಅಂಕ ಬದಲಾಗುತ್ತದೆ. ಯೋಕಾಯ್ ಇರುವುದನ್ನು ತೋರಿಸುವ ಪುಟ್ಟ ತಕ್ಕಡಿಗಳು ಸಾಲಾಗಿ ನಿಂತು, ಒಂದು ಕಡೆಗೆ ವಾಲಿದಾಗ ಬೆನ್ನು ತಣ್ಣಗಾಗುತ್ತದೆ. ‘ಕರಕಾಸಾ’ ಇದಕ್ಕೆ ತದ್ವಿರುದ್ಧ. ಕಥೆ ಎದೊ ಅರಮನೆಯ ಓಒಕು ಎಂಬ ಅಂತಃಪುರದ್ದು. ಹೆಂಗಸರು ತುಂಬಿ ತುಳುಕುತ್ತಾರೆ, ಶಾಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ, ಬಣ್ಣ ಹಳೆಯದಕ್ಕಿಂತ ಎರಡು ಪಾಲು ಜಾಸ್ತಿ. ಆದರೂ ನಡುವಿನ ಗುಟ್ಟು ಗಟ್ಟಿ. ಹೊಸದಾಗಿ ಕೆಲಸಕ್ಕೆ ಸೇರಿದ ಆಸಾ, ಕಾಮೆ ಎಂಬ ಇಬ್ಬರು ಹುಡುಗಿಯರು ತಮಗೆ ಅತಿ ಪ್ರಿಯವಾದ ವಸ್ತುವನ್ನು ಬಾವಿಗೆ ಎಸೆಯಬೇಕು, ಆ ಬಾವಿಯ ನೀರನ್ನು ಕುಡಿಯಬೇಕು. ಎಸೆದ ಸಾಮಾನಿಗೆ ಜೀವ ಬಂದು ಕಾಡುತ್ತದೆ ಎನ್ನುವುದು ಜಪಾನಿನ ಹಳೆಯ ನಂಬಿಕೆ, ತ್ಸುಕುಮೊಗಾಮಿ ಎನ್ನುತ್ತಾರೆ. ಒಂಟಿಕಣ್ಣು, ಒಂಟಿಕಾಲಿನ ಕೊಡೆ, ಅಂದರೆ ಕರಕಾಸಾ, ಅದರ ಪರಿಚಿತ ಮುಖ. ಮಕ್ಕಳ ಪುಸ್ತಕದಲ್ಲಿ ನಾಲಗೆ ಚಾಚಿ ಕುಣಿಯುವ ಆ ಕೊಡೆಯನ್ನು ಈ ಸಿನಿಮಾ ಕೆಲಸಕ್ಕಾಗಿ ತನ್ನನ್ನೇ ಎಸೆದುಕೊಂಡವರ ಕಥೆಗೆ ಹೊಂದಿಸಿದೆ. ಹೊಂದಿಸಿದ ರೀತಿಗೆ ಪೂರ್ತಿ ಅಂಕ ಕೊಡಬಹುದು.

ಅಭಿಮಾನಿಗಳ ಮುಖ್ಯ ತಕರಾರು ಔಷಧ ಮಾರುವವನ ದನಿಯದು. ಸಾಕುರಾಯಿ ತಾಕಾಹಿರೋ ಬದಲು ಕಾಮಿಯಾ ಹಿರೋಶಿ ಬಂದಿದ್ದಾರೆ. ಕಾಮಿಯಾ ಎಂದರೆ ‘ನಾತ್ಸುಮೆ ಯೂಜಿನ್‌ಚೋ’ ಎಂಬ ಇನ್ನೊಂದು ಆನಿಮೆಯಲ್ಲಿ ಯೋಕಾಯ್‌ಗಳ ಹೆಸರು ಹಿಂತಿರುಗಿಸುವ ಹುಡುಗ ನಾತ್ಸುಮೆಯ ದನಿ. ಒಂದೇ ಗಂಟಲು ಎರಡು ಕಡೆಯೂ ಯೋಕಾಯ್‌ಗಳ ಜೊತೆ ವ್ಯವಹಾರ ಮಾಡುತ್ತದೆ. ಆದರೆ ಸಿನಿಮಾದ ಔಷಧ ಮಾರುವವನು ಟಿವಿಯಲ್ಲಿದ್ದವನೇ ಅಲ್ಲ. ಉಡುಪು ಬೇರೆ, ನಡೆ ಬೇರೆ, ಮೈಯಲ್ಲಿ ಚುರುಕು ಜಾಸ್ತಿ. ಹಾಗೆಂದುಕೊಂಡು ನೋಡಿದರೆ ದನಿ ಎರಡನೇ ಸಲಕ್ಕೆ ಒಗ್ಗುತ್ತದೆ.

ಸೀದಾ ‘ಕರಕಾಸಾ’ಗೆ ಕೈ ಹಾಕಿದವರು ಅರ್ಧ ಗಂಟೆಗೇ ಕಂಗಾಲಾಗುತ್ತಾರೆ. ಖಡ್ಗದ ನಿಯಮವನ್ನು ಸಿನಿಮಾ ಕೂರಿಸಿಕೊಂಡು ವಿವರಿಸುವುದಿಲ್ಲ, ಅಂತಃಪುರದ ಹುದ್ದೆಗಳ ಹೆಸರುಗಳು ಸಬ್‌ಟೈಟಲ್‌ನಲ್ಲಿ ಓಡಿಹೋಗುತ್ತವೆ, ಚಿತ್ರ ನೋಡಬೇಕೋ ಅಕ್ಷರ ಓದಬೇಕೋ ತಿಳಿಯುವುದಿಲ್ಲ. ‘ಅಯಾಕಾಶಿ’ 9–11, ಆಮೇಲೆ 2007ರ ಸರಣಿ, ಆಮೇಲೆ ಸಿನಿಮಾಗಳು, ಇದು ಸರಿಯಾದ ಕ್ರಮ. ‘ಅಯಾಕಾಶಿ’ ಸಿಗದಿದ್ದರೆ ಬಿಡಿ. ಸಮಯ ತೀರ ಕಡಿಮೆಯಿದ್ದರೆ 6–7ನೇ ಕಂತು ಒಂದೇ ಸಾಕು, ನಿಯಮ ತಲೆಗೆ ಹೋಗುತ್ತದೆ. 1–2ನೇ ಕಂತು ಹುಟ್ಟದೇ ಹೋದ ಮಕ್ಕಳ ಕಥೆ. ಮನೆಯಲ್ಲಿ ಮಕ್ಕಳು ಪಕ್ಕದಲ್ಲಿ ಕೂತಿರುವಾಗ ಬೇಡ.

ಇನ್ನು ಪರದೆ. ಈ ಆನಿಮೆಯ ಪ್ರತಿ ಚೌಕಟ್ಟಿನ ಮೇಲೂ ವಾಶಿ, ಅಂದರೆ ಜಪಾನಿ ಕೈಕಾಗದದ ನವಿರಾದ ನಾರಿದೆ. ಟಿವಿಯ ‘ನಾಯ್ಸ್ ರಿಡಕ್ಷನ್’ ಅದನ್ನು ಕೊಳೆ ಎಂದುಕೊಂಡು ಒರೆಸಿಹಾಕುತ್ತದೆ. ‘ಮೋಷನ್ ಸ್ಮೂತಿಂಗ್’ ಇಲ್ಲದ ಚೌಕಟ್ಟುಗಳನ್ನು ನಡುವೆ ತುರುಕಿ, ಬೇಕೆಂದೇ ತಡೆದು ಬಿಡಿಸಿದ ಚಲನೆಯನ್ನು ಎಣ್ಣೆಯ ಮೇಲೆ ಜಾರಿದ ಹಾಗೆ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ, ಪಿಕ್ಚರ್ ಮೋಡ್ ‘ಸಿನಿಮಾ’ಗೆ ಹಾಕಿ. ಮೊಬೈಲ್ ಡೇಟಾದಲ್ಲಿ ಕಡಿಮೆ ಗುಣಮಟ್ಟಕ್ಕೆ ಬಿದ್ದರೆ ಕಿಮೋನೊದ ಕಸೂತಿಯೆಲ್ಲ ಚೌಕ ಚೌಕ ಒಡೆದು ಕಾಣುತ್ತದೆ. ಮೊದಲೇ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಮೇಲು.

ಕಿತಾರೋ: 97 ಕಂತು, ಎಲ್ಲವೂ ಬೇಕಾಗಿಲ್ಲ

‘ಗೆಗೆಗೆ ನೋ ಕಿತಾರೋ’, ಕಿತಾರೋ ಎಂಬ ಯೋಕಾಯ್ ಹುಡುಗನ ಕಥೆ, ತಲೆಮಾರಿಗೊಮ್ಮೆ ಮರಳುವ ಆನಿಮೆ: 1968, 1971, 1985, 1996, 2007, 2018. ಕೊನೆಯದು 2020ರ ಮಾರ್ಚ್‌ವರೆಗೆ ನಡೆಯಿತು. ಮೂಲ ಮಂಗಾ (ಜಪಾನಿ ಕಾಮಿಕ್ಸ್) ಬರೆದ ಮಿಝುಕಿ ಶಿಗೆರು ಬೆಳೆದದ್ದು ಸಕಾಯ್‌ಮಿನಾತೊ ಎಂಬ ಕರಾವಳಿ ಊರಿನಲ್ಲಿ. ಎರಡನೇ ಮಹಾಯುದ್ಧದಲ್ಲಿ, ನ್ಯೂಗಿನಿ ಪಕ್ಕದ ದ್ವೀಪದ ರಬೌಲ್ ಕಡೆ, ಎಡಗೈ ಕಳೆದುಕೊಂಡವನು. ಮರಳು ಎರಚುವ ಅಜ್ಜಿ, ಮಗುವಿನಂತೆ ಅಳುವ ಅಜ್ಜ, ಹಾರುವ ಬಟ್ಟೆ, ನುರಿಕಾಬೆ, ಇವೆಲ್ಲ ಯಾನಾಗಿತಾನ ಸಂಗ್ರಹದಲ್ಲಿ ಎರಡು ಮೂರು ಸಾಲಿನ ವಿವರಣೆಯಾಗಿದ್ದವು, ಮುಖವಿರಲಿಲ್ಲ. ನುರಿಕಾಬೆ ಕಾಣಿಸುವುದೇ ಇಲ್ಲ ಎನ್ನುವುದು ಕಥೆ. ಅದಕ್ಕೆ ಕೈಕಾಲು, ಎರಡು ಪೆದ್ದು ಕಣ್ಣು ಕೊಟ್ಟವನು ಮಿಝುಕಿ. ಇಂದು ಜಪಾನಿನಲ್ಲಿ ಯಾರಿಗೆ ಹೇಳಿದರೂ ಆ ಚಿತ್ರವನ್ನೇ ಬರೆದು ತೋರಿಸುತ್ತಾರೆ.

2018ರ ಸರಣಿಯ ಮೊದಲ ಕಂತಿನಲ್ಲಿ ಇಂಟರ್‌ನೆಟ್‌ಗೆ ವಿಡಿಯೋ ಮಾಡುವವನೊಬ್ಬ ಟೋಕಿಯೊದ ಶಿಬುಯಾದಲ್ಲಿ ಮರವಾಗಿಬಿಡುತ್ತಾನೆ. ಎರಡನೆಯದರಲ್ಲಿ ಆ ಎತ್ತರದ ನ್ಯೂದೋ ಬರುತ್ತದೆ. ಮದ್ದಿನ ಮಾತನ್ನು ಹೇಳುವುದು ಕಿತಾರೋ ಅಲ್ಲ, ಮನಾ ಎಂಬ ಶಾಲಾ ಹುಡುಗಿ. ಸರಣಿಯ ಅತ್ಯುತ್ತಮ ಗುಣ ಇದೇ. 7ನೇ ಕಂತಿನ ದೆವ್ವದ ರೈಲು, 9ರಲ್ಲಿ ಸೌತೆಕಾಯಿ ಸಂಬಳಕ್ಕೆ ದುಡಿಯುವ ಕಪ್ಪಾ ಎಂಬ ನೀರಿನ ಯೋಕಾಯ್‌ಗಳು, ಯುದ್ಧದ ನೆನಪಿನ 20, ಇವನ್ನು ಬಿಡಬೇಡಿ. ಕಪ್ಪಾ ಕಂತಿನ ನಗು ಸಾಫ್ಟ್‌ವೇರ್ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಸ್ವಲ್ಪ ಹೆಚ್ಚೇ ತಾಗುತ್ತದೆ.

ಎಡವುವುದು ಎಲ್ಲಿ? ಪಾಶ್ಚಾತ್ಯ ಯೋಕಾಯ್‌ಗಳ ದಂಡು ಬಂದಲ್ಲಿಂದ. ಮದ್ದು ಮರೆತುಹೋಗಿ ಬೆರಳಿನಿಂದ ಗುಂಡು ಹಾರಿಸುವುದೇ ಪರಿಹಾರವಾಗುತ್ತದೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಕ್ಕಳಿಗೆಂದು ಪ್ರಸಾರವಾದದ್ದು, ಪ್ರತಿ ವಾರ ಒಂದು ಏಟಾದರೂ ಬೀಳಲೇಬೇಕು. ಎಲ್ಲ ನೋಡಲು ಸುಮಾರು 39 ಗಂಟೆ ಬೇಕು. ಬಿಡಿ ಕಥೆಗಳ ಕಂತುಗಳನ್ನು ಆರಿಸಿಕೊಂಡರೆ ಹತ್ತು ಗಂಟೆಯಲ್ಲಿ ಸಾರವೆಲ್ಲ ಸಿಗುತ್ತದೆ. ಒಂದು ಕೊಸರು: ಬರೀ ಕಣ್ಣುಗುಡ್ಡೆಯಾಗಿ ಉಳಿದ ಕಿತಾರೋನ ಅಪ್ಪನಿಗೆ ಈ ಸಲ ದನಿ ಕೊಟ್ಟ ನೊಝಾವಾ ಮಸಾಕೊ 1968ರಲ್ಲಿ ಮಗ ಕಿತಾರೋಗೇ ದನಿಯಾಗಿದ್ದವರು. ಐವತ್ತು ವರ್ಷದಲ್ಲಿ ಮಗ ಅಪ್ಪನಾದ.

2023ರ ಸಿನಿಮಾ, ಕಿತಾರೋ ಹುಟ್ಟಿದ ಕಥೆ, ಚಿಕ್ಕ ಮಕ್ಕಳಿಗಲ್ಲ. ಸರಣಿಯ ಹತ್ತು ಕಂತನ್ನಾದರೂ ನೋಡದೆ ಅದಕ್ಕೆ ಹೋದರೆ ಕೊನೆಯ ಹತ್ತು ನಿಮಿಷದ ಭಾರ ಗೊತ್ತಾಗುವುದಿಲ್ಲ.

ದೊರೊರೊ: ಮದ್ದಿಲ್ಲ, ಬೆಲೆಯಿದೆ

ನನ್ನ ಅಳತೆಗೋಲಿಗೆ ದಕ್ಕದ್ದು ಇದೊಂದೇ. ಇಲ್ಲಿ ರಾಕ್ಷಸರು ಸಾಯುವುದು ಕತ್ತಿಯಿಂದಲೇ. ತೆಜುಕಾ ಒಸಾಮುವಿನ ಮಂಗಾದಲ್ಲಿ ಅಪ್ಪ ದಾಯ್ಗೊ ತನ್ನ ಹುಟ್ಟಲಿರುವ ಮಗ ಹ್ಯಾಕ್ಕಿಮಾರುವಿನ 48 ಅಂಗಗಳನ್ನು 48 ರಾಕ್ಷಸರಿಗೆ ಒಪ್ಪಿಸುತ್ತಾನೆ. 2019ರ 24 ಕಂತಿನ ಹೊಸ ಸರಣಿ ಅದನ್ನು ಹನ್ನೆರಡಕ್ಕೆ ಇಳಿಸಿದೆ. ಲೆಕ್ಕ ಚಿಕ್ಕದಾದ್ದರಿಂದ ಮರಳಿ ಸಿಕ್ಕ ಒಂದೊಂದು ಅಂಗಕ್ಕೂ ತೂಕ ಬಂತು. ಮೊದಲು ಚರ್ಮ, ಆಮೇಲೆ ನೋವು. ಕಿವಿ ಬಂದಾಗ ಅವನಿಗೆ ಆಗುವುದು ಸಂತೋಷವಲ್ಲ, ಹಿಂಸೆ. ಮಳೆಯ ಸದ್ದೂ ತಡೆಯಲಾಗದು.

ಹೊಸದರ ನಿಜವಾದ ಜಾಣತನ ಬೇರೆ ಕಡೆಯಿದೆ. ಒಪ್ಪಂದದಿಂದ ದಾಯ್ಗೊನ ನಾಡಿಗೆ ಮಳೆ ಬೆಳೆ ನಿಜಕ್ಕೂ ಸಿಕ್ಕಿದೆ. ಮಗ ಒಂದು ಕಾಲು ವಾಪಸು ಪಡೆದರೆ ಸಾವಿರ ಜನರ ಹೊಲ ಒಣಗುತ್ತದೆ. ಅಪ್ಪನನ್ನು ಸುಮ್ಮನೆ ಖಳ ಎಂದು ತಳ್ಳಿಹಾಕುವ ಹಾಗಿಲ್ಲ. 5–6ನೇ ಕಂತಿನಲ್ಲಿ ಮಿಓ ಎಂಬ ಹುಡುಗಿಯ ಹಾಡು ಮುಗಿದ ಮೇಲೆ ಸೀದಾ 7ಕ್ಕೆ ಹೋಗಬೇಡಿ, ಒಂದು ದಿನ ಬಿಡಿ. 15ನೇ ಕಂತಿನಲ್ಲಿ ಚಿತ್ರದ ಶೈಲಿ ದಿಢೀರ್ ಬದಲಾಗಿ ಮುಖಗಳು ಒರಟಾಗುತ್ತವೆ. ನಿಮ್ಮ ಟಿವಿ ಕೆಟ್ಟಿಲ್ಲ. 1969ರ ಕಪ್ಪುಬಿಳುಪಿನ 26 ಕಂತು ಕುತೂಹಲಕ್ಕೆ ಎರಡು ಮೂರು ನೋಡಿದರೆ ಸಾಕು. 14ರಿಂದ ಹೆಸರೂ ಬದಲಾಗಿ, ಧಾಟಿ ಹಗುರಾಗುತ್ತದೆ.

ಬದಿಯಲ್ಲಿ ಕೂತ ಮುಶಿಶಿ

‘ಮುಶಿಶಿ’ ಆನಿಮೆಯಲ್ಲಿ ಬರುವ, ಬಹುತೇಕರ ಕಣ್ಣಿಗೆ ಕಾಣದ ಜೀವಿಗಳಾದ ಮುಶಿಗಳು ಯೋಕಾಯ್ ಹೌದೋ ಅಲ್ಲವೋ ಎಂಬ ಜಗಳ ಮುಗಿಯುವಂಥದ್ದಲ್ಲ. ಆದರೆ ಮರಳಿ ಬರುವುದು ಹೇಗೆ ಎನ್ನುವುದಕ್ಕೆ 2014ರ ಎರಡನೇ ಸರಣಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 2005–06ರ 26 ಕಂತಿನ ನಂತರ ಎಂಟು ವರ್ಷ ಬಿಟ್ಟು ಬಂದರೂ ನಿರ್ದೇಶಕ ನಾಗಾಹಾಮಾ ಹಿರೋಶಿ, ಸಂಗೀತದ ಮಸುದಾ ತೋಶಿಯೋ, ನಾಯಕ ಗಿಂಕೋನ ದನಿ ನಾಕಾನೊ ಯುತೊ, ಎಲ್ಲ ಅವರೇ. ಯಾರೂ ಏನನ್ನೂ ‘ಸುಧಾರಿಸಲು’ ಹೋಗಿಲ್ಲ. ಯಾವ ಕಂತಿನಿಂದ ಬೇಕಾದರೂ ಶುರು ಮಾಡಬಹುದು. ನೋಡುವ ಮುಂಚೆ ಆಟೋಪ್ಲೇ ಆಫ್ ಮಾಡಿ. ಪ್ರತಿ ಕಂತಿಗೂ ಬೇರೆ ಬೇರೆ ಕೊನೆಯ ಸಂಗೀತವಿದೆ, ಮುಂದಿನ ಕಂತು ತಾನಾಗಿ ಹಾರಿ ಬಂದರೆ ಅದು ನಡುವಲ್ಲೇ ತುಂಡಾಗುತ್ತದೆ.