ಹಸಿ ಸಿಂಪಿ ಚೆನ್ನ, ಮಿನ್ಯೊನೆಟ್ ಸೋತಿದೆ
ಮಿನ್ಯೊನೆಟ್ ಅಂದರೆ ಮಂಗಳೂರಿನ ಈ ಹೋಟೆಲಿನಲ್ಲಿ ಹಸಿ ಸಿಂಪಿಯ ಜೊತೆ ಕೊಡುವ, ವಿನೆಗರಿನ ಫ್ರೆಂಚ್ ಸಾಸ್.

ಸಿಂಪಿ ತಾಜಾ, ಚಿಪ್ಪಿನೊಳಗಿನ ಉಪ್ಪುನೀರು ಚೆಲ್ಲದೆ ಬಂದಿದೆ. ಕೆಟ್ಟಿರುವುದು ಸಾಸ್. ಕರಿಮೆಣಸನ್ನು ನುಣ್ಣಗೆ ಪುಡಿ ಮಾಡಿದ್ದರಿಂದ ವಿನೆಗರ್ ಕದಡಿದೆ. ಜಜ್ಜಿ ತರಿತರಿಯಾಗಿ ಹಾಕಬೇಕಿತ್ತು. ದೊಡ್ಡ ನೀರುಳ್ಳಿಯ ಘಾಟು ಸಿಂಪಿಯ ರುಚಿಯನ್ನೇ ನುಂಗುತ್ತದೆ. ಅರ್ಧ ಕಪ್ ವಿನೆಗರಿಗೆ ಸಣ್ಣ ನೀರುಳ್ಳಿಯ ಚೂರು 2 ದೊಡ್ಡ ಚಮಚ, ಮೆಣಸು 1 ಚಿಕ್ಕ ಚಮಚ ಹಾಕಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಘಾಟು ಇಳಿಯುತ್ತದೆ. ಉಪ್ಪು ಬೇಡ. ಸಿಂಪಿಯೊಂದಕ್ಕೆ ಅರ್ಧ ಚಿಕ್ಕ ಚಮಚ ಸಾಕು.

ವಿನೆಗರಿನ ಹುಳಿಗೆ ಸಿಂಪಿಯೊಳಗಿನ ರೋಗಾಣು ಸಾಯುವುದಿಲ್ಲ. ಮಳೆಗಾಲದಲ್ಲಿ ಹಸಿ ಸಿಂಪಿ ಬೇಡವೇ ಬೇಡ.